ಸೋತಾಗ ತಪ್ಪು ಯಾರದು? ಕರೆಂಟು ಹೋಗುವ ಊರಿನಲ್ಲಿ ಆಡಿ ನೋಡಿದ ಕೆಲವು ಆಟಗಳು

ಯಾವ ವಿಡಿಯೋ ಗೇಮ್ ಬಗ್ಗೆಯೂ ಒಳ್ಳೆಯದು, ಕೆಟ್ಟದು ಎಂದು ಬಾಯಿ ಬಿಡುವ ಮೊದಲು ನಾನು ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳುತ್ತೇನೆ. ಸೋತಾಗ ತಪ್ಪು ಆಟದ್ದೋ, ಯಂತ್ರದ್ದೋ, ನನ್ನ ಕೈಯದ್ದೋ? ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಇದು ಸುಲಭವಾಗಿ ಗೊತ್ತಾಗುವ ಸಂಗತಿಯಲ್ಲ. ಮಳೆಗಾಲದಲ್ಲಿ ಒಂದು ಅಡಿಕೆ ಮರವೋ ಹಲಸಿನ ಗೆಲ್ಲೋ ಲೈನಿನ ಮೇಲೆ ಬಿದ್ದರೆ ಸಂಜೆ ಹೋದ ಕರೆಂಟು ಮರುದಿನವೇ ಬಂದೀತು. ಕರೆಂಟು ಇದ್ದಾಗಲೂ ರಾತ್ರಿಯ ಹೊತ್ತು ವೋಲ್ಟೇಜು ಇಳಿದಿರುತ್ತದೆ. ಹಾಗಾಗಿ ಇಲ್ಲಿ ಕೂತು ಆಡುವವನಿಗೆ ಗ್ರಾಫಿಕ್ಸ್, ಕಥೆ ಎಲ್ಲ ಆಮೇಲೆ. ಮೊದಲ ಪ್ರಶ್ನೆ: ಈ ಆಟ ಯಾವಾಗ ಸೇವ್ ಆಗುತ್ತದೆ?

ಯಂತ್ರದ ಕಡೆಯಿಂದ ಶುರು ಮಾಡುತ್ತೇನೆ. ಡೆಸ್ಕ್‌ಟಾಪಿಗೆ ಸಾಮಾನ್ಯವಾಗಿ ಕೊಳ್ಳುವ 600 ವಿಎ ಯುಪಿಎಸ್ ಅಂದರೆ ಸುಮಾರು 360 ವ್ಯಾಟ್. ಒಳಗಿರುವುದು 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ. ಗುಣಿಸಿದರೆ 84 ವ್ಯಾಟ್ ಅವರ್. ಆಟ ಓಡುವಾಗ ಕಂಪ್ಯೂಟರ್ 250 ವ್ಯಾಟ್ ಎಳೆದರೆ ಕಾಗದದ ಮೇಲೆ ಇಪ್ಪತ್ತು ನಿಮಿಷ ಬರಬೇಕು. ಅಷ್ಟು ಜೋರಾಗಿ ಎಳೆದರೆ ಸಣ್ಣ ಬ್ಯಾಟರಿ ಅದರ ಅರ್ಧವನ್ನೂ ಕೊಡುವುದಿಲ್ಲ. ಐದು ನಿಮಿಷ ಸಿಕ್ಕಿತು ಎಂದೇ ಲೆಕ್ಕ ಇಟ್ಟುಕೊಳ್ಳಬೇಕು. ಅದು ಸೇವ್ ಮಾಡಿ ಬಂದ್ ಮಾಡಲಿಕ್ಕೆ ಸಿಕ್ಕಿದ ಸಮಯ, ಆಟ ಮುಂದುವರಿಸಲಿಕ್ಕಲ್ಲ. ಮನೆಯ ಇನ್ವರ್ಟರಿಗೆ ಕೊಡುವುದಾದರೆ ಅದು ಸೈನ್ ವೇವ್ ಆಗಿರಲಿ, ಹಿಂದಿನ ಸ್ವಿಚ್ಚು ಯುಪಿಎಸ್ ಮೋಡಿನಲ್ಲಿರಲಿ. ಇಲ್ಲದಿದ್ದರೆ ಕರೆಂಟು ಹೋಗಿ ಬ್ಯಾಟರಿಗೆ ಬದಲಾಗುವ ಆ ಕಣ್ಣು ಮಿಟುಕಿಸುವಷ್ಟು ಹೊತ್ತಿನಲ್ಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಆದರೆ ಯುಪಿಎಸ್ ಮೋಡಿಗೂ ಒಂದು ತೊಂದರೆ ಇದೆ. ವೋಲ್ಟೇಜು 180ಕ್ಕಿಂತ ಕೆಳಗೆ ಹೋದರೆ ಅದು ಲೈನನ್ನು ಬಿಟ್ಟು ಬ್ಯಾಟರಿ ಹಿಡಿಯುತ್ತದೆ. ದೀಪ ಉರಿಯುತ್ತಿದೆ, ಫ್ಯಾನು ತಿರುಗುತ್ತಿದೆ, ಕರೆಂಟು ಇದೆ ಎಂದೇ ನಾವು ತಿಳಿದಿರುತ್ತೇವೆ. ಒಂದೂವರೆ ಗಂಟೆ ಬಿಟ್ಟು ಎಲ್ಲ ಒಟ್ಟಿಗೆ ಆರುತ್ತದೆ. ಸಂಜೆ ಆಡಲು ಕೂರುವ ಮೊದಲು ಇನ್ವರ್ಟರಿನ ದೀಪ ಒಮ್ಮೆ ನೋಡಿ ಬನ್ನಿ.

ಲ್ಯಾಪ್‌ಟಾಪಿನವರಿಗೆ ಬೇರೆ ತೊಂದರೆ. ಕರೆಂಟು ಹೋದರೂ ಆಟ ನಿಲ್ಲುವುದಿಲ್ಲ, ಆದರೆ ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಇದ್ದದ್ದು ಒಮ್ಮೆಲೇ 30ಕ್ಕೆ ಬೀಳುತ್ತದೆ. ಚಾರ್ಜರ್ ಕೊಡುವಷ್ಟು ವ್ಯಾಟು ಬ್ಯಾಟರಿಯಿಂದ ಬರುವುದಿಲ್ಲವಾದ ಕಾರಣ ಗ್ರಾಫಿಕ್ಸ್ ಚಿಪ್ ತನ್ನ ವೇಗ ಇಳಿಸುತ್ತದೆ. ಮಳೆಗಾಲದಲ್ಲಿ ನಾನು ಮೊದಲೇ 40 ಫ್ರೇಮಿಗೆ ಮಿತಿ ಹಾಕಿ ಆಡುತ್ತೇನೆ. ಕೈ ಒಂದೇ ವೇಗಕ್ಕೆ ಒಗ್ಗಿರುತ್ತದೆ, ಬಿಸಿಯೂ ಕಡಿಮೆ.

ಇನ್ನು ಆಟಗಳು. ಸ್ಟಾರ್‌ಡ್ಯೂ ವ್ಯಾಲಿ 2016ರಲ್ಲಿ ಬಂದದ್ದು, ಎರಿಕ್ ಬರೋನ್ ಒಬ್ಬರೇ ಮಾಡಿದ ಕೃಷಿಯ ಆಟ. ನಾನು ಅತಿ ಹೆಚ್ಚು ಗಂಟೆ ಆಡಿದ ಆಟವೂ ಇದೇ. ಆಟದೊಳಗಿನ ಹತ್ತು ನಿಮಿಷ ನಮ್ಮ ಏಳು ಸೆಕೆಂಡು. ಬೆಳಿಗ್ಗೆ ಆರರಿಂದ ರಾತ್ರಿ ಎರಡರವರೆಗಿನ ಒಂದು ದಿನ ಸುಮಾರು ಹದಿನಾಲ್ಕು ನಿಮಿಷದಲ್ಲಿ ಮುಗಿಯುತ್ತದೆ. ಸೇವ್ ಆಗುವುದು ದಿನ ಮುಗಿದಾಗ, ಅಂದರೆ ಸಾಮಾನ್ಯವಾಗಿ ಹಾಸಿಗೆಯಲ್ಲಿ ಮಲಗಿದಾಗ ಮಾತ್ರ. ಅಂದರೆ ಕರೆಂಟು ಹೋದರೆ ಕಳೆದುಕೊಳ್ಳುವುದು ಹೆಚ್ಚೆಂದರೆ ಆ ಒಂದು ದಿನ. ಈ ವ್ಯವಸ್ಥೆ ನನಗೆ ಒಪ್ಪಿಗೆ. ನಷ್ಟ ಎಷ್ಟು ಎಂದು ಮೊದಲೇ ಗೊತ್ತಿರುತ್ತದಲ್ಲ. ಗುಡುಗು ಕೇಳಿದ ಸಂಜೆ ಗಣಿಗೆ ಇಳಿಯಬೇಡಿ. ಯುಪಿಎಸ್ ಕೂಗಿದಾಗ ಗದ್ದೆಯಲ್ಲಿದ್ದರೆ ಓಡಿ ಹೋಗಿ ಮಲಗಬಹುದು, ಗಣಿಯ ಆಳದಲ್ಲಿದ್ದರೆ ಆ ದಿನ ಹೋಗುವ ಸಂಭವವೇ ಹೆಚ್ಚು. ಸೇವ್ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಫೈಲು ಅರ್ಧಂಬರ್ಧವಾಗಿ ತೆರೆಯದೇ ಹೋಗಬಹುದು. ಆಗ ಹೆದರಬೇಕಾಗಿಲ್ಲ. ಆ್ಯಪ್‌ಡೇಟಾ, ರೋಮಿಂಗ್, ಸ್ಟಾರ್‌ಡ್ಯೂ ವ್ಯಾಲಿ, ಸೇವ್ಸ್ ಎಂಬ ಫೋಲ್ಡರುಗಳ ಒಳಗೆ ನಿಮ್ಮ ತೋಟದ ಫೋಲ್ಡರ್ ಇರುತ್ತದೆ. ಅದರಲ್ಲಿ ಹೆಸರಿನ ಕೊನೆಗೆ ‘ಓಲ್ಡ್’ ಎಂದಿರುವ ಎರಡು ಫೈಲುಗಳು ಹಿಂದಿನ ದಿನದವು. ಇಡೀ ಫೋಲ್ಡರನ್ನು ಬೇರೆ ಕಡೆ ಒಮ್ಮೆ ಕಾಪಿ ಮಾಡಿ, ಕೆಟ್ಟ ಎರಡನ್ನು ತೆಗೆದು, ಹಳೆಯ ಎರಡರ ಹೆಸರಿನಿಂದ ಆ ಬಾಲ ಕತ್ತರಿಸಿದರೆ ಒಂದು ದಿನದ ಹಿಂದಿನಿಂದ ಆಟ ತೆರೆಯುತ್ತದೆ. ಎರಡನ್ನೂ ಬದಲಿಸಬೇಕು, ಒಂದನ್ನೇ ಬದಲಿಸಿದರೆ ಪಟ್ಟಿಯಲ್ಲಿ ಒಂದು ತಾರೀಕು, ಒಳಗೆ ಇನ್ನೊಂದು ತಾರೀಕು ಎಂಬ ಗೊಂದಲ.

ಕೃಷಿಯ ವಿಷಯಕ್ಕೆ ಬಂದರೆ, ಈ ಆಟಕ್ಕೆ ನೀರಿನ ಬೆಲೆ ಗೊತ್ತಿದೆ. ಮಳೆ ಬಂದ ದಿನ ನೀರು ಹಾಕುವ ಕೆಲಸವಿಲ್ಲ. ಸಾದಾ ಸ್ಪ್ರಿಂಕ್ಲರ್ ನಾಲ್ಕು ಚೌಕಕ್ಕೆ, ಕ್ವಾಲಿಟಿ ಸ್ಪ್ರಿಂಕ್ಲರ್ ಎಂಟಕ್ಕೆ, ಇರಿಡಿಯಮ್ಮಿನದು ಇಪ್ಪತ್ತನಾಲ್ಕಕ್ಕೆ. ತೋಟಕ್ಕೆ ಜೆಟ್ ಹಾಕಿಸಿದವರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ: ಮೊದಲು ಸ್ಪ್ರಿಂಕ್ಲರಿನ ಜಾಗ ಗುರುತು ಮಾಡಿ, ಆಮೇಲೆ ಬೀಜ. ನನಗೆ ತುಂಬ ಹಿಡಿಸಿದ್ದು ಭತ್ತ. ಅಂಗಡಿಯಲ್ಲಿ ಬೀಜವಾಗಿ ಅಲ್ಲ, ಸಸಿಯಾಗಿ ಸಿಗುತ್ತದೆ, ನಮ್ಮ ನೇಜಿಯೇ. ಒಂದಕ್ಕೆ 40 ಚಿನ್ನ (ಆಟದೊಳಗಿನ ದುಡ್ಡು). ಮೇಲಿನ ಗುಡ್ಡೆಯಲ್ಲಿ ನೆಟ್ಟರೆ ಎಂಟು ದಿನ, ದಿನಾ ನೀರು. ಕೆರೆಯಿಂದಲೋ ಹೊಳೆಯಿಂದಲೋ ಮೂರು ಚೌಕದ ಒಳಗೆ, ಅಂದರೆ ಬೈಲಿನಲ್ಲಿ ನೆಟ್ಟರೆ ಆರೇ ದಿನ, ನೀರೇ ಹಾಕಬೇಕಾಗಿಲ್ಲ. ಎಷ್ಟು ಚೆಂದದ ಲೆಕ್ಕ! ಆದರೆ ದುಡ್ಡಿನ ದೃಷ್ಟಿಯಿಂದ ಇದು ಮೋಸದ ಬೆಳೆ. ಭತ್ತವಾಗಿಯೇ ಮಾರಿದರೆ ಸಿಗುವುದು 30, ನೇಜಿಯ ಕ್ರಯವೂ ಹುಟ್ಟುವುದಿಲ್ಲ. ಮಿಲ್ಲಿಗೆ ಹಾಕಿ ಅಕ್ಕಿ ಮಾಡಿದರೆ 100 ಸಿಗುತ್ತದೆ, ಆದರೆ ಮಿಲ್ಲು ಕಟ್ಟಲು 2500 ಚಿನ್ನ, 50 ಕಲ್ಲು, 150 ಮರ, ನಾಲ್ಕು ಬಟ್ಟೆ ಬೇಕು. ಬಟ್ಟೆಗೆ ಸಾಮಾನ್ಯ ದಾರಿ ಕುರಿಯೋ ಮೊಲವೋ ಸಾಕುವುದು. ಮೊದಲ ವರ್ಷ ಅದು ಸುಲಭದ ಮಾತಲ್ಲ.

ಮೊದಲ ವಸಂತದಲ್ಲಿ ದುಡ್ಡು ಬರುವುದು ಸ್ಟ್ರಾಬೆರಿಯಿಂದ. 13ನೇ ತಾರೀಕಿನ ಎಗ್ ಫೆಸ್ಟಿವಲ್‌ನಲ್ಲಿ ಮಾತ್ರ ಬೀಜ ಸಿಗುತ್ತದೆ, ಒಂದಕ್ಕೆ 100. ಹಬ್ಬ ಮುಗಿದು ಮನೆ ಸೇರುವಾಗ ರಾತ್ರಿ ಹತ್ತು. ಹೊಸಬರು ಅಲ್ಲಿಗೆ ಸುಸ್ತೆಂದು ಮಲಗಿಬಿಡುತ್ತಾರೆ. ಅದೇ ರಾತ್ರಿ ನೆಟ್ಟು ನೀರು ಹಾಕಿದರೆ 21ಕ್ಕೆ ಒಂದು ಕೊಯ್ಲು, 25ಕ್ಕೆ ಇನ್ನೊಂದು, ಒಂದು ಹಣ್ಣಿಗೆ 120. ಮರುದಿನ ನೆಟ್ಟರೂ 22 ಮತ್ತು 26ಕ್ಕೆ ಎರಡು ಕೊಯ್ಲು ಸಿಗುತ್ತದೆ. 17ರಿಂದ ಆಚೆ ನೆಟ್ಟರೆ ಮಾತ್ರ ಒಂದೇ, ಏಕೆಂದರೆ ಋತು 28ಕ್ಕೆ ಮುಗಿಯುತ್ತದೆ. ಹಬ್ಬಕ್ಕೆ ಕೈಯಲ್ಲಿ ದುಡ್ಡಿರಲಿ ಎಂದು 6ನೇ ತಾರೀಕಿನ ಮೊದಲೇ ಆಲೂಗಡ್ಡೆ ಹಾಕುತ್ತೇನೆ, ಅದು ಆರು ದಿನದ ಬೆಳೆ. ನನ್ನ ಅಸಮಾಧಾನ ಇರುವುದು ಎರಡನೇ ವರ್ಷದ ನಂತರ. ಏನ್ಷೆಂಟ್ ಫ್ರೂಟ್ 28 ದಿನಕ್ಕೆ ಬೆಳೆದು ಮತ್ತೆ ವಾರ ವಾರ ಹಣ್ಣು ಕೊಡುತ್ತದೆ. ಅದನ್ನು ಕೆಗ್ಗಿಗೆ (ವೈನ್ ಮಾಡುವ ಪೀಪಾಯಿಗೆ) ಹಾಕಿದರೆ ಬೆಲೆ ಮೂರು ಪಟ್ಟು. ಅಲ್ಲಿಂದ ಬೇರೆ ಬೆಳೆ ಬೆಳೆಯಲು ಕಾರಣವೇ ಉಳಿಯುವುದಿಲ್ಲ. ಇದು ಆಟದ ತಪ್ಪು, ಯಂತ್ರದ್ದಲ್ಲ. ಮೀನು ಹಿಡಿಯುವುದು ಕಷ್ಟ ಎಂಬ ದೂರನ್ನು ಮಾತ್ರ ನಾನು ಒಪ್ಪುವುದಿಲ್ಲ: ವಿಲ್ಲಿಯ ಅಂಗಡಿಯಲ್ಲಿ 25 ಚಿನ್ನಕ್ಕೆ ಟ್ರೇನಿಂಗ್ ರಾಡ್ ಇದೆ, ಕೈ ಕೂರುವ ತನಕ ಅದರಲ್ಲಿ ಸಣ್ಣ ಮೀನು ಹಿಡಿಯಿರಿ.

ಹಾಲೋ ನೈಟ್, ನೆಲದಡಿಯ ಕೀಟಗಳ ರಾಜ್ಯದಲ್ಲಿ ಹೋರಾಡುತ್ತ ದಾರಿ ಹುಡುಕುವ ಆಟ, 2017ರದ್ದು, ಆಸ್ಟ್ರೇಲಿಯಾದ ಟೀಮ್ ಚೆರಿ ಮಾಡಿದ್ದು. ಡಿಸ್ಕಿನಲ್ಲಿ ಹತ್ತು ಜಿಬಿ ಜಾಗ ಸಾಕು, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಇದರ ಲೆಕ್ಕಾಚಾರ ಬಹಳ ಅಚ್ಚುಕಟ್ಟು. ನಮ್ಮ ಕತ್ತಿಯಾದ ಮೊಳೆಯ ಒಂದು ಪೆಟ್ಟು ತಾಗಿದರೆ 11 ಸೋಲ್ ಎಂಬ ಶಕ್ತಿ ಬರುತ್ತದೆ, ಒಂದು ಮಾಸ್ಕ್, ಅಂದರೆ ಒಂದು ಜೀವ, ವಾಸಿಯಾಗಲು 33 ಬೇಕು. ಮೂರು ಪೆಟ್ಟಿಗೆ ಒಂದು ಜೀವ. ವಾಸಿಮಾಡಿಕೊಳ್ಳಲು ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹೊತ್ತು ಅಲುಗಾಡದೆ ನಿಲ್ಲಬೇಕು. ಹಾಗಾಗಿ ಪ್ರತಿ ಬಾಸ್ (ದೊಡ್ಡ ಶತ್ರು) ಎದುರು ಕೇಳಿಕೊಳ್ಳಬೇಕಾದದ್ದು ‘ಎಲ್ಲಿ ಹೊಡೆಯಲಿ’ ಎಂದಲ್ಲ, ‘ಇವನು ಯಾವಾಗ ನನಗೆ ಆ ಒಂದು ಸೆಕೆಂಡು ಬಿಡುತ್ತಾನೆ’ ಎಂದು. ಸತ್ತರೆ ಕೈಯಲ್ಲಿದ್ದ ಜಿಯೋ, ಅಂದರೆ ಅಲ್ಲಿನ ದುಡ್ಡು, ಅಷ್ಟೂ ಸತ್ತ ಜಾಗದಲ್ಲಿ ನೆರಳಾಗಿ ಉಳಿಯುತ್ತದೆ, ಅದನ್ನು ಹೊಡೆಯುವ ಮೊದಲು ಮತ್ತೆ ಸತ್ತರೆ ಎಲ್ಲ ಹೋಯಿತು. ಗೊತ್ತಿಲ್ಲದ ಜಾಗಕ್ಕೆ ಹೋಗುವ ಮೊದಲು ಖರ್ಚು ಮಾಡಿ ಹೋಗಿ. ಸ್ಲೈಯ ಅಂಗಡಿಯಲ್ಲಿ 1800 ಜಿಯೋದ ದೀಪ ಇದೆ, ಕತ್ತಲ ಜಾಗಗಳಿಗೆ ಅದಿಲ್ಲದೆ ಆಗುವುದಿಲ್ಲ. ನಾನು ಒಪ್ಪದ ವಿಷಯ ಕಂಪಾಸ್. ನಕ್ಷೆ ದುಡ್ಡು ಕೊಟ್ಟು ಕೊಂಡ ಮೇಲೂ ನಾನೆಲ್ಲಿದ್ದೇನೆ ಎಂದು ನೋಡಲು ಚಾರ್ಮ್ (ಶಕ್ತಿ ಕೊಡುವ ತಾಯಿತ) ಸಿಕ್ಕಿಸುವ ಒಂದು ಜಾಗ ಬಿಟ್ಟುಕೊಡಬೇಕು. ಆರಂಭದಲ್ಲಿ ಇರುವುದೇ ಮೂರು. ದಾರಿ ತಪ್ಪುವುದರಲ್ಲಿ ಸುಖವಿದೆ ಎಂಬುದು ನಿಜ, ಆದರೆ ಸೋತ ಮೇಲೆ, ಮರಳಿ ಏಳುವ ಬೆಂಚಿನಿಂದ ಬಾಸ್ ತನಕ ಅದೇ ದಾರಿಯಲ್ಲಿ ಹತ್ತು ಸಲ ಓಡುವುದರಲ್ಲಿ ಯಾವ ಸುಖವೂ ಇಲ್ಲ.

ಎಲ್ಡನ್ ರಿಂಗ್, 2022, ಕಷ್ಟಕ್ಕೆ ಹೆಸರಾದ ಹೋರಾಟದ ಆಟ. ಪಿಸಿಯಲ್ಲಿ ಕನಿಷ್ಠ 12 ಜಿಬಿ ರ‍್ಯಾಮ್ ಕೇಳುತ್ತದೆ, ಫ್ರೇಮು 60ಕ್ಕಿಂತ ಮೇಲೆ ಹೋಗುವುದಿಲ್ಲ. ಇದರಲ್ಲಿ ಆಟ ತಾನಾಗಿ ಸದಾ ಸೇವ್ ಆಗುತ್ತಿರುವುದರಿಂದ ಕರೆಂಟು ಹೋದರೂ ನಷ್ಟ ಕಡಿಮೆ, ಜೊತೆಗೆ ಸೇವ್ ಫೈಲಿನ ಪಕ್ಕದಲ್ಲೇ ಅದರ ಒಂದು ಬ್ಯಾಕಪ್ಪೂ ಇರುತ್ತದೆ. ಹೋರಾಟದ ಮಧ್ಯೆ ಮನೆಗೆ ಯಾರಾದರೂ ಬಂದರೆ ಸುಲಭವಾಗಿ ನಿಲ್ಲಿಸಿಡಲು ಮಾತ್ರ ಬಿಡುವುದಿಲ್ಲ. ಕೂಡು ಕುಟುಂಬದಲ್ಲಿ ಆಡುವವರಿಗೆ ಇದು ದೊಡ್ಡ ತೊಂದರೆ.

ಮೊದಲ ದೊಡ್ಡ ಬಾಸ್ ಮಾರ್ಗಿಟ್ ಎದುರು ಜನ ಸೋತು ಆಟ ಬಿಡುತ್ತಾರೆ. ಹತ್ತಿರದಿಂದ ನೋಡಿ. ಅವನು ಕೋಲು ಎತ್ತುತ್ತಾನೆ, ಎತ್ತಿ ಹಾಗೆಯೇ ಹಿಡಿದುಕೊಳ್ಳುತ್ತಾನೆ. ನಮ್ಮ ಬೆರಳು ಎತ್ತಿದ್ದನ್ನು ನೋಡಿಯೇ ಉರುಳುವ ಬಟನ್ ಒತ್ತಿಬಿಡುತ್ತದೆ. ಉರುಳುವಾಗ ಪೆಟ್ಟು ತಾಗದ ಸಮಯ ಅರ್ಧ ಸೆಕೆಂಡೂ ಇಲ್ಲ. ನಾವು ಎದ್ದು ನಿಲ್ಲುವಾಗ ಕೋಲು ಇಳಿಯುತ್ತದೆ. ಕೋಲನ್ನು ನೋಡಬೇಡಿ, ಅವನ ಭುಜ ಮುಂದಕ್ಕೆ ಬರುವುದನ್ನು ನೋಡಿ ಉರುಳಿ, ಹಿಂದಕ್ಕಲ್ಲ, ಅವನ ಕಡೆಗೆ. ಅಷ್ಟರ ಜೊತೆಗೆ ಮೂರು ಲೆಕ್ಕ ಸರಿ ಇರಲಿ: ಹೊತ್ತ ಭಾರ 70 ಶೇಕಡಾಕ್ಕಿಂತ ಕೆಳಗೆ, ಇಲ್ಲದಿದ್ದರೆ ಉರುಳುವುದು ನಿಧಾನವಾಗುತ್ತದೆ, ಆಯುಧ ಪ್ಲಸ್ ಮೂರರ ಮಟ್ಟಕ್ಕೆ ಬಲಗೊಂಡಿರಲಿ, ಜೀವದ ಪ್ರಮಾಣ ಹೆಚ್ಚಿಸುವ ವಿಗರ್ 20ರ ಹತ್ತಿರ. ಮುಂದೆಯೂ ಮೊದಲು ವಿಗರನ್ನೇ 40ಕ್ಕೆ ಒಯ್ಯಿರಿ, ಆಗ ಜೀವ 1450 ಆಗುತ್ತದೆ. ಎರಡು ಪೆಟ್ಟು ತಡೆದರೆ ಮಾತ್ರ ಮೂರನೆಯದನ್ನು ಕಲಿಯಲು ಅವಕಾಶ. ಈ ಆಟ ಕಷ್ಟ, ಆದರೆ ಅನ್ಯಾಯದ್ದಲ್ಲ. ಕೊನೆಯ ಕೆಲವು ಬಾಸ್‌ಗಳನ್ನು ಬಿಟ್ಟು ಈ ಮಾತು ಹೇಳುತ್ತೇನೆ. ಅಲ್ಲಿ ಪೆಟ್ಟಿನ ಸರಣಿ ಎಷ್ಟು ಉದ್ದವೆಂದರೆ ನಮ್ಮ ಸರದಿ ಬರುವುದೇ ಇಲ್ಲ.

ಯಂತ್ರದ ತಪ್ಪು ಆಟದ ತಲೆಗೆ ಬೀಳುವುದಕ್ಕೆ ಅತಿ ಸ್ಪಷ್ಟ ಉದಾಹರಣೆ ಸೆಲೆಸ್ಟ್ ಎಂಬ ಬೆಟ್ಟ ಹತ್ತುವ ಆಟ, 2018. ಬಂಡೆಯ ಅಂಚು ದಾಟಿದ ಮೇಲೂ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಹಾರಲು ಬಿಡುತ್ತದೆ ಈ ಆಟ. ಅಷ್ಟು ಉದಾರಿ. ಆದರೆ ಅದನ್ನು ಹಾಲಿನ ಟಿವಿಗೆ ಜೋಡಿಸಿ, ಟಿವಿಯ ಗೇಮ್ ಮೋಡ್ ಹಾಕದೆ ಆಡಿದರೆ ಚಿತ್ರ ಚೆಂದ ಮಾಡುವ ಕೆಲಸದಲ್ಲಿ ಟಿವಿಯೇ ಹತ್ತಿರ ಹತ್ತಿರ ಅಷ್ಟು ಸಮಯ ನುಂಗಬಹುದು. ಆಟ ಕೊಟ್ಟ ರಿಯಾಯಿತಿ ನಮ್ಮ ಕೈಗೆ ತಲುಪುವುದೇ ಇಲ್ಲ, ‘ಕಂಟ್ರೋಲ್ ಸರಿ ಇಲ್ಲ’ ಎಂದು ಬೈಯುತ್ತೇವೆ. ಬ್ಲೂಟೂತ್ ಇಯರ್‌ಫೋನ್ ಹಾಕಿ ಮೊಬೈಲಿನಲ್ಲಿ ಬಿಜಿಎಂಐ ಎಂಬ ಗುಂಡು ಹಾರಿಸುವ ಆಟ ಆಡುವವರದ್ದೂ ಇದೇ ಕಥೆ, ಹೆಜ್ಜೆ ಸದ್ದು ತಡವಾಗಿ ಕೇಳುತ್ತದೆ. ವಯರಿನದು ಹಾಕಿ. ಸೆಲೆಸ್ಟಿನಲ್ಲಿ ಅಸಿಸ್ಟ್ ಮೋಡ್ ಇದೆ, ವೇಗವನ್ನು 50 ಶೇಕಡಾದವರೆಗೆ ಇಳಿಸಬಹುದು. ಅದನ್ನು ಬಳಸುವುದು ನಾಚಿಕೆಯ ವಿಷಯವಲ್ಲ. ಕಷ್ಟದ ಕೋಣೆಯನ್ನು 70ರಲ್ಲಿ ಕಲಿತು 100ರಲ್ಲಿ ದಾಟುವುದು ನನ್ನ ಕ್ರಮ.

ವಿಚರ್ 3 ಎಂಬ ದೊಡ್ಡ ಕಥೆಯ ಆಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಣ್ಣ ಸಣ್ಣ ಊರುಗಳ ಉಪಕಥೆಗಳು ಅಪರೂಪದವು, ಕತ್ತಿವರಸೆ ಮಾತ್ರ ಇಪ್ಪತ್ತು ಗಂಟೆಯ ನಂತರ ಬೇಸರ. ಎಫ್5 ಒತ್ತಿದರೆ ಹೋರಾಟ ಬಿಟ್ಟು ಎಲ್ಲಿ ಬೇಕಾದರೂ ಸೇವ್, ಮಳೆಗಾಲಕ್ಕೆ ಹೇಳಿ ಮಾಡಿಸಿದ್ದು. 2022ರ ಡಿಸೆಂಬರಿನ ಅಪ್‌ಡೇಟ್ ನಂತರ ಹಳೆಯ ಯಂತ್ರದಲ್ಲಿ ಎಳೆಯುತ್ತಿದ್ದರೆ ಲಾಂಚರಿನಲ್ಲಿ ಡೈರೆಕ್ಟ್‌ಎಕ್ಸ್ 11 ಆರಿಸಿ, ಕೂದಲನ್ನು ಸಹಜವಾಗಿ ತೋರಿಸುವ ಹೇರ್‌ವರ್ಕ್ಸ್ ಬಂದ್ ಮಾಡಿ. ಅರ್ಧ ತೊಂದರೆ ಅಲ್ಲಿಗೆ ಹೋಗುತ್ತದೆ.

ಪುಣೆಯವರು ಮಾಡಿದ ‘ರಾಜಿ’ ಎಂಬ ಆಟ, 2020, ನಮ್ಮವರ ಆಟ ಎಂಬ ಪ್ರೀತಿಯಿಂದ ತೆರೆದದ್ದು. ಕಥೆಯ ಭಾಗಗಳನ್ನು ತೊಗಲುಗೊಂಬೆಯ ನೆರಳಿನ ಹಾಗೆ ತೋರಿಸುತ್ತಾರೆ. ಕಾಸರಗೋಡಿನ ಯಕ್ಷಗಾನ ಗೊಂಬೆಯಾಟ ನೋಡಿದ ಕಣ್ಣಿಗೆ ಅದು ತುಂಬ ಹತ್ತಿರ. ಕಂಬ ಹಿಡಿದು ಸುತ್ತಿ ತ್ರಿಶೂಲ ಬೀಸುವುದೂ ಖುಷಿ. ಆದರೆ ಕ್ಯಾಮೆರಾ ನಮ್ಮ ಕೈಯಲ್ಲಿಲ್ಲ. ಮೇಲಿನಿಂದ ಓರೆಯಾಗಿ ನೋಡುವಾಗ ಮುಂದಿನ ಕಟ್ಟೆ ಎಷ್ಟು ದೂರ ಎಂದು ಅಂದಾಜು ಸಿಗದೆ ಬೀಳುತ್ತೇವೆ. ಆಟದ ನಾಯಕಿ ರಾಜಿಯ ಪಾದದ ಕೆಳಗಿನ ನೆರಳನ್ನು ನೋಡಿ ಹಾರಿದರೆ ಬೀಳುವುದು ಕಡಿಮೆ. ಈ ಒಂದು ವಿಷಯದಲ್ಲಿ ತಪ್ಪು ಪೂರ್ತಿ ಆಟದ್ದೇ, ಪ್ರೀತಿ ಇದ್ದರೂ ಹೇಳಲೇಬೇಕು.

ಕೊಳ್ಳುವವರಿಗೆ ಒಂದು ಮಾತು. ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಂಡ 14 ದಿನದ ಒಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ದುಡ್ಡು ವಾಪಸು ಕೇಳಬಹುದು. ಆ ಎರಡು ಗಂಟೆ ಆಟ ತೆರೆದಿದ್ದಷ್ಟೂ ಓಡುತ್ತದೆ, ಶೇಡರ್ (ಗ್ರಾಫಿಕ್ಸಿಗೆ ಬೇಕಾದ ಸಣ್ಣ ಪ್ರೋಗ್ರಾಮು) ತಯಾರಾಗುವ ಹತ್ತು ನಿಮಿಷವೂ ಸೇರಿ. ನಾನು ಮೊದಲ ಅರ್ಧ ಗಂಟೆಯಲ್ಲೇ ಮೂರು ಕೆಲಸ ಮುಗಿಸುತ್ತೇನೆ. ಅಕ್ಷರ ಕುಳಿತಲ್ಲಿಂದ ಓದಲು ಆಗುತ್ತದೆಯೇ ನೋಡುತ್ತೇನೆ. ಒಂದು ಗದ್ದಲದ ಹೋರಾಟದಲ್ಲಿ ಫ್ರೇಮು ಎಷ್ಟಕ್ಕೆ ಇಳಿಯುತ್ತದೆ ನೋಡುತ್ತೇನೆ. ಆಮೇಲೆ ಸೇವ್ ಮಾಡಿ ಸ್ವಲ್ಪ ಮುಂದೆ ಹೋಗಿ, ಟಾಸ್ಕ್ ಮ್ಯಾನೇಜರಿನಿಂದ ಆಟವನ್ನು ಕೊಂದು ಮತ್ತೆ ತೆರೆಯುತ್ತೇನೆ. ಎಷ್ಟು ಹಿಂದಕ್ಕೆ ಒಯ್ದಿತು ಎಂದು ಅಲ್ಲೇ ಗೊತ್ತಾಗುತ್ತದೆ, ಜೂನ್ ತಿಂಗಳ ಮಳೆಗೆ ಕಾಯಬೇಕಾಗಿಲ್ಲ.