ಸರ್ವಿಸ್ ಆದ ಮೇಲೆ ಬೈಕ್‌ನಲ್ಲಿ ಹೊಸ ದೋಷ: ಹುಡುಕಾಟ ಎಲ್ಲಿಂದ ಆರಂಭಿಸಬೇಕು?

ಸರ್ವಿಸ್‌ಗೆ ಬಿಡುವ ದಿನದವರೆಗೂ ಸರಿಯಾಗಿ ಓಡುತ್ತಿದ್ದ ಬೈಕು ಮನೆಗೆ ತಂದ ಮರುದಿನವೇ ಮಿಸ್ಸಿಂಗ್ ಹೊಡೆಯುವುದು, ಪಿಕಪ್ ಕಳೆದುಕೊಳ್ಳುವುದು, ಹಿಂದೆಂದೂ ಕೇಳದ ಸದ್ದು ಮಾಡುವುದು ಅನೇಕರ ಅನುಭವಕ್ಕೆ ಬಂದಿರುವ ಸಂಗತಿ. ಆಗ ಎಂಜಿನ್ನೇ ಕೆಟ್ಟಿತೆಂದು ಗಾಬರಿಯಾಗುವುದು ಸಹಜ. ಆದರೆ ಪಿಸ್ಟನ್, ಬೇರಿಂಗ್‌ಗಳು ಒಂದೇ ದಿನದಲ್ಲಿ ಸವೆಯುವುದು ಬಲು ಅಪರೂಪ. ಆ ಒಂದು ದಿನದಲ್ಲಿ ಬದಲಾದದ್ದು ಮೆಕ್ಯಾನಿಕ್ ಬಿಚ್ಚಿ ಜೋಡಿಸಿದ, ಬಿಗಿ ಮಾಡಿದ ಅಥವಾ ತೊಳೆದ ಭಾಗಗಳು ಮಾತ್ರ. ಹೀಗಾಗಿ ಕೈ ಬಿದ್ದ ಜಾಗವನ್ನೇ ಮೊದಲು ನೋಡಬೇಕು.

ಅದಕ್ಕೆ ಬೇಕಾದ ಮೊದಲ ಸಾಧನ ಜಾಬ್ ಕಾರ್ಡ್ (ದೂರು ಮತ್ತು ಮಾಡಬೇಕಾದ ಕೆಲಸಗಳನ್ನು ಸರ್ವಿಸ್ ಕೇಂದ್ರ ಬರೆದುಕೊಳ್ಳುವ ಚೀಟಿ) ಮತ್ತು ಬಿಲ್. ಯಾವ ಭಾಗ ಬದಲಾಯಿತು, ಎಷ್ಟು ಆಯಿಲ್ ಹಾಕಿದರು, ಏರ್ ಫಿಲ್ಟರ್ ಹಾಗೂ ಸ್ಪಾರ್ಕ್ ಪ್ಲಗ್ ತೆಗೆದರೇ ಎಂಬುದನ್ನು ಅದರಲ್ಲಿ ಗುರುತು ಮಾಡಿಕೊಳ್ಳಿ. ಚೈನ್ ಬಿಗಿ ಮಾಡುವುದು, ಬ್ರೇಕ್ ಮತ್ತು ಕ್ಲಚ್ ಕೇಬಲ್ ಹೊಂದಿಸುವುದು, ವಾಟರ್ ವಾಶ್ ಇವೆಲ್ಲ ಮಾಮೂಲಿ ಕೆಲಸಗಳೆಂದು ಎಷ್ಟೋ ಬಿಲ್‌ಗಳಲ್ಲಿ ಬಿಡಿಯಾಗಿ ಬರೆದಿರುವುದೇ ಇಲ್ಲ. ಅವನ್ನು ನೀವೇ ಪಟ್ಟಿಗೆ ಸೇರಿಸಿಕೊಳ್ಳಬೇಕು.

ಬ್ರೇಕ್ ಹಿಡಿಯದಿದ್ದರೆ, ಪೆಟ್ರೋಲ್ ವಾಸನೆ ಬರುತ್ತಿದ್ದರೆ, ಹ್ಯಾಂಡಲ್ ಅಥವಾ ಚಕ್ರ ಅಲುಗಾಡಿದರೆ ಪರೀಕ್ಷೆಯ ಮಾತೇ ಬೇಡ. ಗಾಡಿ ಓಡಿಸದೆ ಸರ್ವಿಸ್ ಕೇಂದ್ರಕ್ಕೆ ಫೋನ್ ಮಾಡಿ ಅವರನ್ನೇ ಕರೆಸಿ.

ಉಳಿದ ದೋಷಗಳಲ್ಲಿ, ಸದ್ದು ಅಥವಾ ಎಳೆತ ಎಂಜಿನ್ನಿನದೋ ಚಕ್ರದ್ದೋ ಎಂಬುದು ಮೊದಲು ತೀರ್ಮಾನವಾಗಬೇಕು. ವಾಹನಗಳಿಲ್ಲದ ಸಮತಟ್ಟಾದ ರಸ್ತೆಯಲ್ಲಿ 30 ಕಿ.ಮೀ. ವೇಗದಲ್ಲಿ ಹೋಗುತ್ತ ಆಕ್ಸಿಲರೇಟರ್ ಬಿಟ್ಟು ಕ್ಲಚ್ ಹಿಡಿಯಿರಿ. ಎಂಜಿನ್ ನಿಧಾನವಾದರೂ ಸದ್ದು ಗಾಡಿಯ ವೇಗದ ಜೊತೆಗೇ ಮುಂದುವರಿದರೆ ಅದರ ಮೂಲ ಚೈನ್, ಚಕ್ರ ಅಥವಾ ಬ್ರೇಕ್. ನಿಂತ ಗಾಡಿಯಲ್ಲಿ ನ್ಯೂಟ್ರಲ್‌ನಲ್ಲಿ ರೇಸ್ ಮಾಡಿದಾಗಲೂ ಅದೇ ಸದ್ದು ಕೇಳಿದರೆ ಎಂಜಿನ್ ಕಡೆಗೆ ಗಮನ ಕೊಡಬೇಕು.

ಎಂಜಿನ್ನೋ ಚಕ್ರವೋ ಎಂದು ಮೊದಲೇ ತೀರ್ಮಾನಿಸುವುದರ ಬೆಲೆ ನನಗೆ ಗೊತ್ತಾದದ್ದು ನನ್ನದೇ 100 ಸಿಸಿ ಬೈಕಿನಿಂದ. ಒಮ್ಮೆ ಸರ್ವಿಸ್ ಆದ ಮೇಲೆ ಅದು ದಿಬ್ಬದಲ್ಲಿ ಏದುಸಿರು ಬಿಡತೊಡಗಿತು, ಮೈಲೇಜೂ ಇಳಿಯಿತು. ಪ್ಲಗ್ ಬದಲಿಸಿದೆ, ಪೆಟ್ರೋಲಿನ ಮೇಲೆ ಅನುಮಾನಪಟ್ಟೆ. ಎರಡು ವಾರ ಹೀಗೇ ಕಳೆಯಿತು. ಕೊನೆಗೆ ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿದಾಗ ಅದು ಅರ್ಧ ಸುತ್ತಿಗೇ ನಿಂತುಬಿಟ್ಟಿತು. ಎಂಜಿನ್ನಿನಲ್ಲಿ ಯಾವ ದೋಷವೂ ಇರಲಿಲ್ಲ. ಹಿಂದಿನ ಬ್ರೇಕ್ ಸದಾ ಸ್ವಲ್ಪ ಹಿಡಿದೇ ಇತ್ತು.

ಡ್ರಮ್ ಬ್ರೇಕ್ ಇರುವ ಬೈಕುಗಳಲ್ಲಿ ಇದು ಆಗುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದು ಬಲು ಸುಲಭವಾಗಿ ಕಣ್ತಪ್ಪುತ್ತದೆ. ಸಡಿಲವಾದ ಚೈನ್ ಬಿಗಿ ಮಾಡಲು ಹಿಂದಿನ ಚಕ್ರವನ್ನು ಹಿಂದಕ್ಕೆ ಸರಿಸುತ್ತಾರೆ. ಬ್ರೇಕ್ ಪೆಡಲ್‌ನಿಂದ ಚಕ್ರದ ನಡುವಿನ ಹಬ್‌ವರೆಗೆ ಹೋಗುವ ಕಬ್ಬಿಣದ ಕಡ್ಡಿಯ ಉದ್ದ ಮಾತ್ರ ಇದ್ದಷ್ಟೇ ಇರುತ್ತದೆ. ಹಬ್ ಹಿಂದೆ ಸರಿದಾಗ ಆ ಕಡ್ಡಿ ಬ್ರೇಕ್ ತೋಳನ್ನು ಮುಂದಕ್ಕೆ ಎಳೆದು ಹಿಡಿಯುತ್ತದೆ, ಅಂದರೆ ಯಾರೂ ತುಳಿಯದೆಯೇ ಬ್ರೇಕ್ ಒತ್ತಿದಂತಾಗುತ್ತದೆ. ಆದ್ದರಿಂದ ಚೈನ್ ಸರಿಪಡಿಸಿದಾಗಲೆಲ್ಲ ಕಡ್ಡಿಯ ತುದಿಯ ನಟ್ಟನ್ನು ಮತ್ತೆ ಹೊಂದಿಸಬೇಕು. ಮರೆತರೆ ಡ್ರಮ್ಮಿಗೆ ಉಜ್ಜುವ ಬ್ರೇಕ್ ಲೈನರ್ ಸವೆಯುತ್ತದೆ, ಪೆಟ್ರೋಲ್ ವ್ಯರ್ಥವಾಗುತ್ತದೆ. ಪೆಡಲ್‌ನಲ್ಲಿ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಸಡಿಲ ಇರಬೇಕು. ಹಿಂದಿನ ಬ್ರೇಕ್ ಹೆಚ್ಚು ಬಳಸದೆ ನಾಲ್ಕೈದು ಕಿ.ಮೀ. ಓಡಿಸಿದ ಮೇಲೆ ಹಬ್‌ನ ಹತ್ತಿರ ಕೈ ತಂದಾಗಲೇ ಕಾವು ತಾಗಿದರೆ ಸಂಶಯ ಗಟ್ಟಿಯಾಯಿತು ಎಂದೇ ತಿಳಿಯಿರಿ. ಲೋಹವನ್ನು ಮಾತ್ರ ಮುಟ್ಟಬೇಡಿ.

ಚೈನನ್ನೂ ಅಲ್ಲೇ ನೋಡಿಬಿಡಿ. ಎಂಜಿನ್ ಆಫ್ ಮಾಡಿ, ಚಕ್ರವನ್ನು ಕೈಯಿಂದ ತಿರುಗಿಸುತ್ತ ಅತ್ಯಂತ ಬಿಗಿಯಾಗಿರುವ ಜಾಗದಲ್ಲಿ ಕೆಳಗಿನ ಎಳೆಯನ್ನು ಮೇಲೆ ಕೆಳಗೆ ಆಡಿಸಿ. ಎಷ್ಟೋ ಸಾಧಾರಣ ಬೈಕುಗಳಿಗೆ 20ರಿಂದ 30 ಮಿ.ಮೀ. ಆಟ ಇರಬೇಕೆಂದು ಕೈಪಿಡಿಯಲ್ಲಿ ಹೇಳಿರುತ್ತಾರೆ. ನಿಮ್ಮ ಗಾಡಿಯ ಕೈಪಿಡಿ ಹೇಳುವ ಅಂಕಿಯೇ ಅಂತಿಮ. ವೇಗದ ಜೊತೆ ಏರುವ ಕೊರೆಯುವಂಥ ಸದ್ದಿಗೆ ಅತಿ ಬಿಗಿಯಾದ ಚೈನ್ ಒಂದು ಮುಖ್ಯ ಕಾರಣ.

ಇನ್ನು ಎಂಜಿನ್ ಕಡೆ. ಸರ್ವಿಸ್ ಆದ ದಿನವೇ ಮಿಸ್ಸಿಂಗ್ ಶುರುವಾದರೆ ವಾಟರ್ ವಾಶ್‌ನ ನೀರನ್ನು ಮೊದಲು ಶಂಕಿಸಬೇಕು. ರಭಸದಿಂದ ಬಿಟ್ಟ ನೀರು ಪ್ಲಗ್ ಕ್ಯಾಪ್‌ಗೂ ವೈರಿಂಗ್ ಕನೆಕ್ಟರ್‌ಗಳಿಗೂ ನುಗ್ಗಿರುತ್ತದೆ. ಒಂದು ದಿನ ಬಿಸಿಲಿನಲ್ಲಿ ನಿಲ್ಲಿಸಿದ ಮೇಲೆ ದೋಷ ಮಾಯವಾದರೆ ಉತ್ತರ ಸಿಕ್ಕಂತೆ. ಮಲೆನಾಡಿನ ಮಳೆಗಾಲದಲ್ಲಿ ಬಿಸಿಲಿಗೆ ಕಾಯುತ್ತ ಕೂರಲಾಗದು. ಎಂಜಿನ್ ತಣ್ಣಗಾದ ಮೇಲೆ ಕ್ಯಾಪ್ ತೆಗೆದು ಒಣ ಬಟ್ಟೆಯಿಂದ ಒರೆಸಿ, ಪೂರ್ತಿ ಒಳಗೆ ಕೂರುವಂತೆ ಒತ್ತಿ ಹಾಕಿ. ಆಕ್ಸಿಲರೇಟರ್ ಬಿಟ್ಟಾಗಲೂ ಐಡ್ಲಿಂಗ್ ಏರಿಯೇ ಇದ್ದರೆ, ಸೈಲೆನ್ಸರ್ ಪಟಪಟ ಸಿಡಿದರೆ, ಫಿಲ್ಟರ್ ಪೆಟ್ಟಿಗೆಯಿಂದ ಎಂಜಿನ್‌ವರೆಗಿನ ರಬ್ಬರ್ ಕೊಳವೆಗಳು, ಅವುಗಳ ಕ್ಲಿಪ್ಪುಗಳು ಮತ್ತು ಆಕ್ಸಿಲರೇಟರ್ ಕೇಬಲ್‌ನ ಸಡಿಲ ಹೇಗಿವೆ ಎಂದು ನೋಡಿ. ಕೆಲವು ಕಿ.ಮೀ. ಓಡಿ ನಿಂತು, ಸ್ವಲ್ಪ ಹೊತ್ತಿನ ನಂತರ ಮತ್ತೆ ಸ್ಟಾರ್ಟ್ ಆಗುವ ಗಾಡಿಯಲ್ಲಿ ಟ್ಯಾಂಕ್ ಮುಚ್ಚಳ ತೆರೆದು ನೋಡಿ. ಗಾಳಿ ಎಳೆದುಕೊಳ್ಳುವ ಸದ್ದು ಬಂದು ಆಮೇಲೆ ಗಾಡಿ ಸರಿಯಾಗಿ ಓಡಿದರೆ ಗಾಳಿಯ ರಂಧ್ರ ಕಟ್ಟಿದೆ ಎಂದರ್ಥ. ಗುಂಡಿ ಹಾರಿದಾಗ ಎಲ್ಲ ದೀಪಗಳೂ ಕ್ಷಣಕಾಲ ಆರಿದರೆ ಬ್ಯಾಟರಿ ಟರ್ಮಿನಲ್‌ನ ಸ್ಕ್ರೂ ಸಡಿಲವಾಗಿರಬಹುದು.

ಎಂಜಿನ್ ಕೂಗುತ್ತದೆ, ಆದರೆ ವೇಗ ಏರುವುದಿಲ್ಲ ಎಂದಾದರೆ ಕ್ಲಚ್ ಜಾರುತ್ತಿದೆ. ಕ್ಲಚ್ ಹಿಡಿಯ ತುದಿಯಲ್ಲಿ 10ರಿಂದ 20 ಮಿ.ಮೀ. ಸಡಿಲ ಇಲ್ಲದಿದ್ದರೆ ಕೇಬಲ್ ಅತಿಯಾಗಿ ಬಿಗಿಯಾಗಿದೆ. ಸಡಿಲ ಸರಿಯಾಗಿದ್ದರೆ ಯಾವ ಆಯಿಲ್ ಹಾಕಿದರೆಂದು ವಿಚಾರಿಸಿ. ಬಹುತೇಕ ಬೈಕುಗಳ ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿ ಕೆಲಸ ಮಾಡುವುದರಿಂದ, ಘರ್ಷಣೆ ತಗ್ಗಿಸುವ ಪದಾರ್ಥ ಬೆರೆತ ಕಾರಿನ ಆಯಿಲ್ ಅದಕ್ಕೆ ಹೊಂದುವುದಿಲ್ಲ. ಡಬ್ಬಿಯ ಮೇಲೆ ಇಂಥ ಕ್ಲಚ್ಚಿಗೆ ಹೊಂದುವ ಆಯಿಲ್‌ನ ಗುರುತಾದ ಜಾಸೋ (JASO) ಎಂಎ ಅಥವಾ ಎಂಎ2 ಎಂದಿರಬೇಕು. ಆಯಿಲ್ ಹೆಚ್ಚಾದರೂ ತೊಂದರೆಯೇ, ಮಿಕ್ಕದ್ದು ಎಂಜಿನ್ನಿನ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಕೊಳವೆಯ ಮೂಲಕ ಏರ್ ಫಿಲ್ಟರ್‌ಗೆ ಸೇರುತ್ತದೆ. ಮಟ್ಟವನ್ನು ಗಾಡಿ ನೆಟ್ಟಗೆ ನಿಲ್ಲಿಸಿ ಕೈಪಿಡಿ ಹೇಳಿದ ಕ್ರಮದಲ್ಲೇ ನೋಡಬೇಕು, ಏಕೆಂದರೆ ಅಳತೆ ಕಡ್ಡಿಯನ್ನು ತಿರುಪಿ ನೋಡಬೇಕೋ ಸುಮ್ಮನೆ ಇಳಿಬಿಡಬೇಕೋ ಎಂಬುದು ಮಾದರಿಯಿಂದ ಮಾದರಿಗೆ ಬೇರೆ.

2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಬಿಎಸ್ 6 ಹೊಗೆ ನಿಯಮದ ಬೈಕುಗಳಲ್ಲಿ ಎಂಜಿನ್ ದೀಪ ಉರಿದರೆ ಕಂಪ್ಯೂಟರ್ ಒಂದು ಕೋಡ್ ದಾಖಲಿಸಿಕೊಂಡಿದೆ ಎಂದು ತಿಳಿಯಬೇಕು. ಕೋಡ್ ಓದಿ, ನಿಮಗೆ ಬರೆದುಕೊಟ್ಟ ಮೇಲೆಯೇ ಅಳಿಸಬೇಕೆಂದು ಕೇಳಿ. ಮೊದಲೇ ಅಳಿಸಿದರೆ ಸಾಕ್ಷ್ಯವೇ ಹೋಗುತ್ತದೆ. ಚಕ್ರ ಬಿಚ್ಚಿದ ಮೇಲೆ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ದೀಪ ಗಾಡಿ ಹೊರಟ ನಂತರವೂ ಆರದಿದ್ದರೆ ಚಕ್ರದ ಬಳಿಯ ಸೆನ್ಸರ್ ಮತ್ತು ಅದರ ತಂತಿಯನ್ನು ಪರೀಕ್ಷಿಸಲು ಹೇಳಿ.

ಸರ್ವಿಸ್ ಕೇಂದ್ರಕ್ಕೆ ಮರಳುವಾಗ ‘ಗಾಡಿ ಸರಿ ಇಲ್ಲ’ ಎಂದಷ್ಟೇ ಹೇಳಿದರೆ ಯಾರಿಗೂ ಉಪಯೋಗವಿಲ್ಲ. ‘ಎಂಜಿನ್ ಬಿಸಿಯಾದ ಮೇಲೆ, ಮೂರನೇ ಗೇರಿನಲ್ಲಿ, 40 ಕಿ.ಮೀ. ವೇಗದಲ್ಲಿ’ ಎಂಬಂತೆ ಬರೆಸಿ, ಸರ್ವಿಸ್ ದಿನದ ಮತ್ತು ಇಂದಿನ ಕಿ.ಮೀ. ಅಂಕಿ ಎರಡನ್ನೂ ಹೊಸ ಜಾಬ್ ಕಾರ್ಡ್‌ನಲ್ಲಿ ನಮೂದಿಸಿ. ಸದ್ದನ್ನು ಮೊಬೈಲ್‌ನಲ್ಲಿ ಮುದ್ರಿಸಿಕೊಳ್ಳಿ, ಸಾಧ್ಯವಾದರೆ ಮೆಕ್ಯಾನಿಕ್‌ ಜೊತೆಗೇ ಒಂದು ಸುತ್ತು ಹೋಗಿ ಬನ್ನಿ. ಅಲ್ಲಿಯವರೆಗೆ ಬೇರೆ ಗ್ಯಾರೇಜಿನಲ್ಲಿ ಏನನ್ನೂ ಬಿಚ್ಚಿಸಬೇಡಿ. ಆಮೇಲೆ ತಪ್ಪು ಯಾರದೆಂದು ಹೇಳುವುದು ಕಷ್ಟ. ಅಲ್ಲೂ ಪರಿಹಾರ ಸಿಗದಿದ್ದರೆ ತಯಾರಕ ಕಂಪನಿಗೆ ಲಿಖಿತ ದೂರು, ನಂತರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಅದೂ ಸಾಲದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವ ಹಕ್ಕು ನಿಮಗಿದೆ. ಅಲ್ಲಿ ಮೊದಲು ಕೇಳುವುದೂ ಆ ಎರಡು ಜಾಬ್ ಕಾರ್ಡ್‌ಗಳನ್ನೇ.