ವರ್ಚುವಲ್ ಅಸಿಸ್ಟೆಂಟ್ ಆಗಬೇಕಾ? ಎಕ್ಸೆಲ್ ಆಮೇಲೆ, ಮೊದಲು ವ್ಯವಹಾರ ಕಲಿಯಿರಿ

ಹೋದ ವಾರ ನಾದಿನಿ ಫೋನ್ ಮಾಡಿದ್ದಳು. "ಅತ್ತಿಗೆ, ನನಗೂ ಎಕ್ಸೆಲ್ ಬರುತ್ತೆ, ಇಂಗ್ಲಿಷ್‌ನಲ್ಲಿ ಇಮೇಲ್ ಬರೀತೀನಿ. ನಾನೂ ನಿಮ್ಮ ಹಾಗೆ ಮನೇಲೇ ಕೂತು ಕೆಲಸ ಮಾಡಬಹುದಲ್ವಾ?" ನನ್ನದು ವರ್ಚುವಲ್ ಅಸಿಸ್ಟೆಂಟ್ ಕೆಲಸ, ಅಂದರೆ ಬೇರೆಯವರ ಇಮೇಲ್, ಬುಕಿಂಗ್, ಬಿಲ್ಲಿನಂಥದ್ದನ್ನು ಮನೆಯಿಂದಲೇ ಇಂಟರ್‌ನೆಟ್‌ನಲ್ಲಿ ಮಾಡಿಕೊಡುವುದು. ಅವಳೂ ಮಾಡಬಹುದು. ಆದರೆ ನನಗೂ ಅದೆಲ್ಲ ಬರುತ್ತಿತ್ತು, ಆದರೂ ಮೊದಲ ವರ್ಷ ಕೈಗೆ ಹತ್ತಿದ್ದು ಚಿಲ್ಲರೆ ಕಾಸು.

ಯಾಕೆ ಅಂತ ಹೇಳ್ತೀನಿ. ಬೆಂಗಳೂರಿನ ಒಬ್ಬರು ಯೋಗ ಟೀಚರ್‌ಗೆ ತಿಂಗಳಿಗೆ 8,000 ರೂಪಾಯಿಗೆ "ಚಿಕ್ಕಪುಟ್ಟ ಕೆಲಸ" ಮಾಡಿಕೊಡಲು ಒಪ್ಪಿಕೊಂಡೆ. ಇಮೇಲ್ ನೋಡುವುದು, ಕ್ಲಾಸ್ ಬುಕಿಂಗ್ ಬರೆದಿಡುವುದು, ಅಷ್ಟೇ. ಆಮೇಲೆ ಪೋಸ್ಟರ್ ಬಂತು, ಫೀಸ್ ಬಾಕಿ ಇದ್ದವರಿಗೆ ಫೋನ್ ಮಾಡುವುದು ಬಂತು, ಕೊನೆಗೆ ಅವರ ಮಗನ ಟ್ರೈನ್ ಟಿಕೆಟ್ಟೂ ಬಂತು, ಅದೂ ರಾತ್ರಿ 11ಕ್ಕೆ ವಾಟ್ಸಾಪ್‌ನಲ್ಲಿ. ಒಂದು ತಿಂಗಳು ಗಂಟೆ ಲೆಕ್ಕ ಇಟ್ಟು ನೋಡಿದೆ. 90 ಗಂಟೆ! ಗಂಟೆಗೆ 89 ರೂಪಾಯಿ ಬಿತ್ತು. ಅವರನ್ನು ಬೈಯೋಕೂ ಆಗಲ್ಲ, ನನ್ನ ಕೆಲಸ ಎಲ್ಲಿಗೆ ಮುಗಿಯುತ್ತೆ ಅಂತ ನಾನೇ ಬರೆದುಕೊಟ್ಟಿರಲಿಲ್ಲ.

ಹಾಗಾಗಿ ಮೊದಲು ಕಲಿಯಬೇಕಾದದ್ದು ಒಪ್ಪಂದ ಬರೆಯುವುದು. ವಕೀಲರ ಭಾಷೆ ಏನೂ ಬೇಡ. ನನ್ನದು ಈಗ ಹೀಗಿರುತ್ತೆ: "ತಿಂಗಳಿಗೆ 40 ಗಂಟೆ. ಇಮೇಲ್, ಕ್ಯಾಲೆಂಡರ್, ಬುಕಿಂಗ್, ಇನ್‌ವಾಯ್ಸ್. ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 10ರಿಂದ 2ರ ಒಳಗೆ. ಅದಕ್ಕಿಂತ ಜಾಸ್ತಿ ಆಗುವ ಹಾಗಿದ್ದರೆ ಮೊದಲೇ ಕೇಳುತ್ತೇನೆ, ಅದರ ದುಡ್ಡು ಬೇರೆ. ಹಣ ತಿಂಗಳ ಶುರುವಿನಲ್ಲಿ. ಯಾರೇ ಬಿಡುವುದಾದರೂ 15 ದಿನ ಮುಂಚೆ ತಿಳಿಸಬೇಕು." ಇಮೇಲ್‌ನಲ್ಲಿ ಕಳಿಸಿ, "ಒಪ್ಪಿಗೆ" ಅಂತ ಉತ್ತರ ಬಂದ ಮೇಲೆಯೇ ಕೆಲಸ ಶುರು ಮಾಡಿ.

ಇನ್ನು ರೇಟು. ಬೇರೆಯವರು ಎಷ್ಟು ತಗೋತಾರೆ ಅಂತ ಹುಡುಕುವ ಮೊದಲು ನಿಮಗೆ ಎಷ್ಟು ಬೇಕು ಅಂತ ಲೆಕ್ಕ ಹಾಕಿ. ತಿಂಗಳಿಗೆ 30,000 ಬೇಕು ಅಂದುಕೊಳ್ಳಿ. ದಿನಕ್ಕೆ 5 ಗಂಟೆ, 22 ದಿನ ಅಂದರೆ 110 ಗಂಟೆ. ಆದರೆ ಅಷ್ಟಕ್ಕೂ ಯಾರೂ ದುಡ್ಡು ಕೊಡಲ್ಲ. ಹೊಸ ಗಿರಾಕಿಗಳನ್ನು ಹುಡುಕೋದು, ಬಿಲ್ ಮಾಡೋದು, ಕಲಿಯೋದು ಎಲ್ಲ ಕಳೆದರೆ 70 ಗಂಟೆ ಉಳಿದರೆ ದೊಡ್ಡದು. ಅಲ್ಲಿಗೆ ಗಂಟೆಗೆ ಹತ್ತಿರ ಹತ್ತಿರ 430. ಇಂಟರ್‌ನೆಟ್ಟು, ಲ್ಯಾಪ್‌ಟಾಪ್ ರಿಪೇರಿ, ತೆರಿಗೆ ಸೇರಿಸಿದರೆ 500ಕ್ಕಿಂತ ಕಮ್ಮಿ ಹೇಳೋಕೆ ಆಗಲ್ಲ. ಈ ಲೆಕ್ಕ ತಲೆಯಲ್ಲಿದ್ದರೆ "ಸ್ವಲ್ಪ ಕಮ್ಮಿ ಮಾಡಿ" ಅಂದಾಗ ತಡವರಿಸಲ್ಲ. ಕಮ್ಮಿ ಮಾಡಲೇಬೇಕಾ? ರೇಟು ಹಾಗೇ ಇರಲಿ, ಗಂಟೆ ಕಮ್ಮಿ ಮಾಡಿ.

ಹೊರದೇಶದವರ ಕೆಲಸ ಹಿಡಿದರೆ ಗಡಿಯಾರ ಕಲಿಯಲೇಬೇಕು. ನ್ಯೂಯಾರ್ಕ್ ಕಡೆಯ ಒಬ್ಬರ ಜೊತೆ ನನಗೆ ವಾರಕ್ಕೊಂದು ಮೀಟಿಂಗ್ ಇತ್ತು, ಅವರ ಬೆಳಿಗ್ಗೆ 10, ನಮ್ಮ ಸಂಜೆ 7:30. ನವೆಂಬರ್‌ನಲ್ಲಿ ಒಂದು ದಿನ ಕಾದು ಕಾದು, 8 ಗಂಟೆಗೆ ಲ್ಯಾಪ್‌ಟಾಪ್ ಮುಚ್ಚಿ ಚಪಾತಿ ಲಟ್ಟಿಸೋಕೆ ಹೋದೆ. 8:30ಕ್ಕೆ ಅವರು ಬಂದು ಕಾದರಂತೆ! ಅಮೆರಿಕದ ಹೆಚ್ಚಿನ ಕಡೆ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತೆ, ನವೆಂಬರ್‌ನ ಮೊದಲ ಭಾನುವಾರ ಹಿಂದೆ ಬರುತ್ತೆ. ಅಲ್ಲಿಗೆ ಅವರ 10 ಗಂಟೆ ನಮಗೆ 8:30 ಆಗಿತ್ತು. ಇಂಗ್ಲೆಂಡಿನಲ್ಲಿ ಅದೇ ಬದಲಾವಣೆ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಗೂಗಲ್ ಕ್ಯಾಲೆಂಡರ್‌ನಲ್ಲಿ ಮೀಟಿಂಗ್ ಹಾಕುವಾಗ ಅವರ ಊರಿನ ಟೈಮ್ ಝೋನ್ ಆರಿಸಿಬಿಟ್ಟರೆ ಈ ತಲೆನೋವೇ ಇಲ್ಲ. ನಾನು ನಮ್ಮದನ್ನು ಹಾಕಿದ್ದೆ.

ಮಳೆಗಾಲದಲ್ಲಿ ನಮ್ಮ ಶಿವಮೊಗ್ಗ ಕಡೆ ಕರೆಂಟು ಯಾವಾಗ ಬೇಕಾದರೂ ಹೋಗುತ್ತೆ, ಅದಕ್ಕೆ ರೌಟರ್‌ಗೆ ಅಂತಲೇ ಒಂದು ಪುಟ್ಟ ಬ್ಯಾಟರಿ ಬ್ಯಾಕಪ್ ಇಟ್ಟುಕೊಳ್ಳಿ.

ಕೆಲಸ ಕೊಟ್ಟವರು ನಿಮ್ಮನ್ನು ಉಳಿಸಿಕೊಳ್ಳೋದು ಯಾವುದಕ್ಕೆ ಗೊತ್ತಾ? "ಅದು ಆಯ್ತಾ?" ಅಂತ ಅವರು ಕೇಳುವ ಹಾಗೆ ಆಗಬಾರದು, ಅದಕ್ಕೆ. ಕೆಲಸ ಮುಗಿಸಿ ಏಳುವಾಗ ಮೂರು ಸಾಲು ಕಳಿಸಿ: "ಇವತ್ತು ಆಗಿದ್ದು: 14 ಇಮೇಲ್‌ಗೆ ಉತ್ತರ, ಗುರುವಾರದ ಮೂರು ಬುಕಿಂಗ್. ಬಾಕಿ: ಹಾಲ್ ಬಾಡಿಗೆಯವರು ಇನ್ನೂ ಹೇಳಿಲ್ಲ, ನಾಳೆ 11ಕ್ಕೆ ಫೋನ್ ಮಾಡ್ತೀನಿ. ನೀವು ಹೇಳಬೇಕಾದ್ದು: ಶನಿವಾರದ ಕ್ಲಾಸ್ ಇದೆಯಾ?" ಇಷ್ಟನ್ನೂ ಬಿಡದೆ ಕಳಿಸುವವರು ಕಮ್ಮಿ.

ವಸೂಲಿ ವಿಷಯದಲ್ಲಿ ಸಂಕೋಚ ಬೇಡ. ಝೋಹೋ ಇನ್‌ವಾಯ್ಸ್ ಅನ್ನೋ ಆ್ಯಪ್ ಉಚಿತ, ಅದರಲ್ಲೇ ಬಿಲ್ ಮಾಡಿ, ಕೊನೆಯ ದಿನಾಂಕ ಹಾಕಿ, ಅದು ದಾಟಿದ ಮಾರನೇ ದಿನವೇ ನೆನಪಿಸಿ. ಹೊರದೇಶದ ದುಡ್ಡು ಬಂದರೆ ಬ್ಯಾಂಕಿನಿಂದಲೋ ಪೇಪಾಲ್‌ನಂಥ ಕಡೆಯಿಂದಲೋ ಸಿಗುವ ವಿದೇಶಿ ಹಣದ ಪ್ರಮಾಣಪತ್ರಗಳನ್ನು ಒಂದು ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ. ಇಲ್ಲಿನ ಕಂಪನಿ ಟಿಡಿಎಸ್ (ದುಡ್ಡು ಕೊಡುವಾಗಲೇ ಕಡಿತ ಮಾಡುವ ತೆರಿಗೆ) ಹಿಡಿದರೆ ಅದು ನಿಮ್ಮ ಪ್ಯಾನ್‌ಗೆ ಜಮಾ ಆಗಿದೆಯಾ ಅಂತ ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನಲ್ಲಿ ನೋಡಿ. ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೂ ವರ್ಷಕ್ಕೊಮ್ಮೆ ಒಬ್ಬ ಸಿಎ ಹತ್ತಿರ ಕೂತು ಮಾತಾಡಿ.

ಇದನ್ನೆಲ್ಲ ಕಲಿಯೋಕೆ ಸಾವಿರಾರು ರೂಪಾಯಿ ಕೋರ್ಸ್ ಬೇಕಾ? ನನ್ನ ಪ್ರಕಾರ ಬೇಡ. ಹಬ್‌ಸ್ಪಾಟ್ ಅಕಾಡೆಮಿ ಅನ್ನೋ ವೆಬ್‌ಸೈಟ್‌ನಲ್ಲಿ, ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್‌ನಲ್ಲಿ ಪುಕ್ಕಟೆ ಪಾಠಗಳಿವೆ. "ಮನೆಯಿಂದ ಡೇಟಾ ಎಂಟ್ರಿ, ಮೊದಲು ರಿಜಿಸ್ಟ್ರೇಷನ್ ಫೀಸ್ ಕಟ್ಟಿ" ಅನ್ನುವವರಿಂದಂತೂ ದೂರ ಇರಿ. ಕಟ್ಟಿ ಮೋಸ ಹೋಗಿದ್ದರೆ ತಡ ಮಾಡದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನಾದಿನಿಗೆ ನಾನು ಹೇಳಿದ್ದು ಇಷ್ಟೇ. ಅವಳ ಪಕ್ಕದ ಮನೆಯಲ್ಲಿ ಒಬ್ಬರು ಟ್ಯೂಷನ್ ಹೇಳಿಕೊಡುತ್ತಾರೆ. ಎರಡು ವಾರ ಅವರ ಹಾಜರಿ, ಫೀಸು, ಪೋಷಕರಿಗೆ ಮೆಸೇಜು ಎಲ್ಲ ನೋಡಿಕೋ, ದಿನಾ ಗಂಟೆ ಬರೆದಿಡು, ಮೂರು ಸಾಲು ಕಳಿಸು, ಕೊನೆಗೆ 500 ರೂಪಾಯಿದ್ದಾದರೂ ಸರಿ, ಒಂದು ಬಿಲ್ ಕೊಡು. "ಅಯ್ಯೋ, ಪಕ್ಕದ ಮನೆಯವರ ಹತ್ತಿರ ದುಡ್ಡು ಹೇಗೆ ಕೇಳೋದು ಅತ್ತಿಗೆ?" ಅಂದಳು. ಅಲ್ಲೇ ಕಲಿ ಅಂದೆ.