ಚಕ್ಕಡಿ ಗಾಲಿ, ಗೋಡೆ ಗಡಿಯಾರ, ಬೀಸುಕಲ್ಲು: ಅನಾಟಮಿ ಪದಗಳು ನನಗೆ ಒಲಿದ ಬಗೆ

ನಾನು ಹತ್ತನೇ ತರಗತಿಯವರೆಗೆ ಓದಿದ್ದು ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ. ಪಿಯುಸಿ ಮುಗಿಸಿ ಫಿಸಿಯೋಥೆರಪಿ ಓದಲು ಹುಬ್ಬಳ್ಳಿಗೆ ಬಂದೆ. ಮೊದಲ ವಾರವೇ ಒಂದು ತಾಸಿನ ಅನಾಟಮಿ, ಅಂದರೆ ಮೈಯ ರಚನೆಯ ಕ್ಲಾಸಿನಲ್ಲಿ ಬೋರ್ಡು ತುಂಬ ಪದಗಳು. ಆಂಟೀರಿಯರ್, ಪೋಸ್ಟೀರಿಯರ್, ಮೀಡಿಯಲ್, ಲ್ಯಾಟರಲ್, ಸ್ಯಾಜಿಟಲ್, ಕರೋನಲ್. ರಾತ್ರಿ ಹಾಸ್ಟೆಲ್ಲಿನಲ್ಲಿ ಕೂತು ಬಾಯಿಪಾಠ ಮಾಡುತ್ತಿದ್ದೆ. ಬೆಳಗಾಗುವಷ್ಟರಲ್ಲಿ ಅರ್ಧ ಮರೆತು ಹೋಗಿರುತ್ತಿತ್ತು.

ಮೂರನೇ ವರ್ಷದಲ್ಲಿ ಒಂದು ತಪ್ಪು ಮಾಡಿದೆ. ಪೇಷಂಟ್ ನನ್ನ ಎದುರಿಗೆ ಕೂತಿದ್ದರು. ನೋವಿದ್ದ ಮೊಣಕಾಲು ನನ್ನ ಬಲಕ್ಕೆ ಕಾಣುತ್ತಿತ್ತು. ಹಾಳೆಯ ಮೇಲೆ 'ಬಲ' ಎಂದು ಬರೆದೆ. ಅದು ಅವರ ಎಡಗಾಲು. ಸೀನಿಯರ್ ಒಬ್ಬರು ಹಾಳೆ ನೋಡಿ, ಪೇಷಂಟನ್ನು ಮತ್ತೊಮ್ಮೆ ಕೇಳಿ ತಿದ್ದಿದರು. ಇಲ್ಲದಿದ್ದರೆ ಚೆನ್ನಾಗಿದ್ದ ಕಾಲಿಗೆ ಚಿಕಿತ್ಸೆ ಶುರುವಾಗುತ್ತಿತ್ತು. ಆ ದಿನ ಊಟ ಸೇರಲಿಲ್ಲ. ಎಡ-ಬಲ ಯಾವತ್ತೂ ಪೇಷಂಟಿನದು, ನೋಡುವವರದಲ್ಲ. ಇದನ್ನು ಪುಸ್ತಕದಲ್ಲಿ ಓದಿದ್ದೆ, ಆದರೆ ಮೈಗೆ ಹತ್ತಿರಲಿಲ್ಲ. ಈಗಲೂ ಬರೆಯುವ ಮೊದಲು ಆ ಜಾಗ ಮುಟ್ಟಿ, "ಇದು ಉಣ್ಣೋ ಕೈ ಕಡೇದಲ್ರೀ?" ಎಂದು ಕೇಳಿಯೇ ಬರೆಯುತ್ತೇನೆ.

ಅದಾದ ಮೇಲೆ ಬಾಯಿಪಾಠ ಬಿಟ್ಟೆ. ಪದಗಳನ್ನು ಒಂದೊಂದಾಗಿ ನನ್ನ ಮೈಮೇಲೇ ಇಟ್ಟು ನೋಡತೊಡಗಿದೆ.

ಎಲ್ಲದಕ್ಕೂ ಬುಡ ಅಂದರೆ ನಿಲ್ಲುವ ರೀತಿ. ಅನಾಟಮಿಕಲ್ ಪೊಸಿಷನ್ ಎನ್ನುತ್ತಾರೆ. ನೆಟ್ಟಗೆ ನಿಲ್ಲಬೇಕು, ಮುಖ ಮುಂದಕ್ಕೆ, ಪಾದ ಜೋಡಿಸಿ ಮುಂದಕ್ಕೆ, ಕೈ ಎರಡೂ ಬದಿಗೆ, ಅಂಗೈ ಮುಂದಕ್ಕೆ. ಅಂಗೈ ಮುಂದಕ್ಕೆ ಅನ್ನೋದನ್ನೇ ಎಲ್ಲರೂ ಮರೆಯುತ್ತಾರೆ. ಸುಮ್ನೆ ನಿಂತಾಗ ನಮ್ಮ ಅಂಗೈ ತೊಡೆಯ ಕಡೆ ಇರುತ್ತದೆ, ಹೆಬ್ಬೆರಳು ಮುಂದೆ ಇರುತ್ತದೆ. ಅದಕ್ಕೆ ನಾನು ಕಂಡುಕೊಂಡ ದಾರಿ ಬೊಗಸೆ. ನೀರು ಕುಡಿಯುವಾಗ ಹಿಡಿಯುವ ಹಾಗೆ ಬೊಗಸೆ ಹಿಡಿಯಿರಿ. ಎರಡೂ ಕೈ ಬೇರೆ ಮಾಡಿ. ಹಾಗೇ ಕೆಳಗೆ ಬಿಡಿ. ಅಂಗೈ ತಾನಾಗಿ ಮುಂದೆ ಉಳಿಯುತ್ತದೆ. ಈಗ ನೋಡಿ, ಕಿರುಬೆರಳು ಮೈಗೆ ಹತ್ತಿರ, ಹೆಬ್ಬೆರಳು ದೂರ. ಮೈಯ ನಡುಗೆರೆಗೆ ಹತ್ತಿರ ಇದ್ದದ್ದು ಮೀಡಿಯಲ್, ದೂರ ಇದ್ದದ್ದು ಲ್ಯಾಟರಲ್. ಹೆಬ್ಬೆರಳು ಲ್ಯಾಟರಲ್ ಯಾಕೆ ಅನ್ನೋದಕ್ಕೆ ಇಷ್ಟೇ ಉತ್ತರ.

ಇನ್ನೊಂದು ಮಾತು. ಪೇಷಂಟ್ ಅಂಗಾತ ಮಲಗಿರಲಿ, ಡಬ್ಬ ಮಲಗಿರಲಿ, ಕೈ ಮೇಲೆತ್ತಿರಲಿ, ಹೆಸರು ಬದಲಾಗುವುದಿಲ್ಲ. ಕೈಯನ್ನು ತಲೆಯ ಮೇಲೆ ಎತ್ತಿದಾಗ ಬೆರಳು ಮೊಣಕೈಗಿಂತ ಮೇಲಿರುತ್ತದೆ, ಆದರೂ ಅದನ್ನು ಸುಪೀರಿಯರ್, ಅಂದರೆ ಮೇಲಿನದು ಎನ್ನುವಂತಿಲ್ಲ. ನಿಂತು ಕೈ ಇಳಿಬಿಟ್ಟಾಗ ಎಲ್ಲಿರುತ್ತದೋ ಅದೇ ಲೆಕ್ಕ. ಅದಕ್ಕೇ ಕೈಕಾಲಿಗೆ ಪ್ರಾಕ್ಸಿಮಲ್, ಡಿಸ್ಟಲ್ ಎಂಬ ಬೇರೆ ಜೋಡಿ ಇದೆ. ಬುಡ, ತುದಿ ಎಂದುಕೊಂಡರೆ ಸಾಕು. ಮಣಿಕಟ್ಟು ಮೊಣಕೈಗಿಂತ ತುದಿಗೆ, ಅಂದರೆ ಡಿಸ್ಟಲ್.

ಪ್ಲೇನ್‌ಗಳು, ಅಂದರೆ ಮೈ ಆಡುವ ಸಮತಲಗಳು, ನನ್ನನ್ನು ಜಾಸ್ತಿ ಕಾಡಿದವು. ಪುಸ್ತಕದಲ್ಲಿ ಮನುಷ್ಯನನ್ನು ಮೂರು ಗಾಜಿನ ಹಲಗೆ ಸೀಳಿದ ಚಿತ್ರ ಇರುತ್ತದಲ್ಲ, ಅದು ಅರ್ಥವಾಗುತ್ತಿತ್ತು. ಆದರೆ ಚಲನೆಯೊಂದನ್ನು ತೋರಿಸಿ ಇದು ಯಾವ ಪ್ಲೇನ್, ಯಾವ ಆಕ್ಸಿಸ್ (ತಿರುಗುವ ಅಚ್ಚು) ಎಂದು ಕೇಳಿದರೆ ಬಾಯಿ ಕಟ್ಟುತ್ತಿತ್ತು. ದೀಪಾವಳಿಗೆ ಊರಿಗೆ ಹೋದಾಗ ಹಿತ್ತಲಲ್ಲಿ ನಿಂತಿದ್ದ ಚಕ್ಕಡಿ ನೋಡಿ ದಾರಿ ಸಿಕ್ಕಿತು. ಗಾಲಿ ಹಿಂದು-ಮುಂದು ಉರುಳುತ್ತದೆ. ಅದರ ಅಚ್ಚು ಎಡದಿಂದ ಬಲಕ್ಕೆ ಹೋಗುತ್ತದೆ. ನಡೆಯುವಾಗ ಕೈ ಬೀಸುವುದು, ಮೊಣಕಾಲು ಮಡಚುವುದು, ಬಾಗುವುದು ಎಲ್ಲವೂ ಚಕ್ಕಡಿ ಗಾಲಿಯ ಚಲನೆ. ಅದು ಸ್ಯಾಜಿಟಲ್ ಪ್ಲೇನ್. ಮಡಚಿದರೆ ಫ್ಲೆಕ್ಷನ್, ಚಾಚಿದರೆ ಎಕ್ಸ್‌ಟೆನ್ಷನ್. ಸ್ಯಾಜಿಟ್ಟಾ ಎಂದರೆ ಲ್ಯಾಟಿನ್‌ನಲ್ಲಿ ಬಾಣ. ಎದುರಿನಿಂದ ಬಂದ ಬಾಣ ಎದೆಯಿಂದ ಬೆನ್ನಿಗೆ ಹೋಗುವ ದಿಕ್ಕು ಅದು.

ಗೋಡೆ ಗಡಿಯಾರದ ಮುಳ್ಳು ಇನ್ನೊಂದು. ಮುಳ್ಳು ಕೂಡಿಸಿದ ಮೊಳೆ ಮುಂದಿನಿಂದ ಹಿಂದಕ್ಕೆ, ಮುಳ್ಳು ತಿರುಗುವುದು ಗೋಡೆಯ ಗುಂಟ. ಗೋಡೆಗೆ ಬೆನ್ನು ಹಚ್ಚಿ ನಿಂತು, ಕೈಯನ್ನು ಗೋಡೆಗೆ ಸವರುತ್ತಾ ಬದಿಯಿಂದ ಮೇಲೆತ್ತಿ. ಅದು ಕರೋನಲ್ ಪ್ಲೇನ್, ಅಬ್‌ಡಕ್ಷನ್. ವಾಪಸ್ ಮೈಗೆ ತಂದರೆ ಅಡ್‌ಡಕ್ಷನ್. ಈ ಎರಡು ಪದ ಫೋನಿನಲ್ಲಿ ಒಂದೇ ತರಹ ಕೇಳಿಸುತ್ತವೆ. ಅದಕ್ಕೇ ನಾವು ಎಬಿ-ಡಕ್ಷನ್, ಎಡಿ-ಡಕ್ಷನ್ ಎಂದು ಅಕ್ಷರ ಬಿಡಿಸಿ ಹೇಳುತ್ತೇವೆ. ನೀವೂ ಹಾಗೇ ರೂಢಿ ಮಾಡಿಕೊಳ್ಳಿ.

ಮೂರನೆಯದು ಬೀಸುಕಲ್ಲು. ನಡುವಿನ ಗೂಟ ನೆಟ್ಟಗೆ, ಕಲ್ಲು ನೆಲಕ್ಕೆ ಸಮನಾಗಿ ತಿರುಗುತ್ತದೆ. ಕುತ್ತಿಗೆ ಹೊರಳಿಸಿ ಹಿಂದೆ ನೋಡುವುದು, ಟೊಂಕ ತಿರುಗಿಸುವುದು ಎಲ್ಲ ಟ್ರಾನ್ಸ್‌ವರ್ಸ್ ಪ್ಲೇನಿನ ರೊಟೇಷನ್.

ಮುಂಗೈಯ ಚಲನೆ ಕಲಿಸಿದ್ದು ಅವ್ವ. ಒಲೆಯ ಮುಂದೆ ಕೂತು ಅವಳು ಜೋಳದ ರೊಟ್ಟಿ ಬಡಿಯುವುದನ್ನು ಬಹಳ ಹೊತ್ತು ನೋಡಿದೆ. ಬಡಿಯುವಾಗ ಅಂಗೈ ಕೆಳಗೆ, ಅದು ಪ್ರೊನೇಷನ್. ರೊಟ್ಟಿಯ ಅಡಿಗೆ ಕೈ ಜಾರಿಸಿ ಎತ್ತಿದಳು, ಅಂಗೈ ಮೇಲಾಯಿತು, ಸುಪಿನೇಷನ್. ಹಂಚಿನ ಮೇಲೆ ಮಗುಚಿದಳು, ಮತ್ತೆ ಪ್ರೊನೇಷನ್. ಅವಳ ಮೊಣಕೈಯ ಚೂಪು ತುದಿಯನ್ನು ಹಿಡಿದುಕೊಂಡು, "ಈಗ ಎತ್ತು" ಎಂದೆ. ಕೈ ಮಗುಚಿತು, ಆದರೆ ಆ ತುದಿ ತಿರುಗಲಿಲ್ಲ. ಅದು ಅಲ್ನಾ ಮೂಳೆ. ಆಮೇಲೆ ಮಣಿಕಟ್ಟಿನ ಹತ್ತಿರ ಹೆಬ್ಬೆರಳ ಕಡೆ ಹಿಡಿದೆ. ನನ್ನ ಬೆರಳ ಅಡಿಯಲ್ಲಿ ಮೂಳೆ ಹೊರಳಿತು. ಅದು ರೇಡಿಯಸ್. ಅಂಗೈ ಮೇಲಿದ್ದಾಗ ಎರಡೂ ಮೂಳೆ ಜೋಡೆತ್ತಿನ ಹಾಗೆ ಪಕ್ಕಪಕ್ಕ. ಕೆಳಗೆ ಮಾಡಿದಾಗ ರೇಡಿಯಸ್ ಅಲ್ನಾದ ಮೇಲೆ ಅಡ್ಡ ಹಾಯುತ್ತದೆ. ಹಿಟ್ಟಿನ ಕೈಯನ್ನು ಅಷ್ಟು ಹೊತ್ತು ಹಿಡಿದುಕೊಂಡಿದ್ದಕ್ಕೆ ಅವ್ವ ಬೈಯಲಿಲ್ಲ, ಇನ್ನೊಂದು ರೊಟ್ಟಿ ಮಾಡಿ ತೋರಿಸಿದಳು. ಈ ಎರಡು ಪದ ಮತ್ತೆಂದೂ ಮರೆತಿಲ್ಲ.

ಹೆಬ್ಬೆರಳಿನ ಬಗ್ಗೆ ಎಚ್ಚರ ಹೇಳಲೇಬೇಕು. ಉಳಿದ ಬೆರಳುಗಳ ಅಬ್‌ಡಕ್ಷನ್ ಅಳೆಯುವುದು ನಡುಬೆರಳಿನಿಂದ, ಪಾದದಲ್ಲಾದರೆ ಎರಡನೇ ಬೆರಳಿನಿಂದ. ಹೆಬ್ಬೆರಳು ಮಾತ್ರ ಅಂಗೈಗೆ ಅಡ್ಡ ತಿರುಗಿ ಕೂತಿದೆ. ಅಂಗೈ ಮೇಲೆ ಮಾಡಿ ಕೈಯನ್ನು ಟೇಬಲ್ ಮೇಲಿಡಿ. ಹೆಬ್ಬೆರಳನ್ನು ಸೂರಿನ ಕಡೆಗೆ ನೆಟ್ಟಗೆ ಎತ್ತಿದರೆ ಅಬ್‌ಡಕ್ಷನ್. ಅಂಗೈಯ ಮೇಲೆ ಅಡ್ಡ ಸವರಿದರೆ ಫ್ಲೆಕ್ಷನ್. ಪರೀಕ್ಷೆಯಲ್ಲಿ ಎಷ್ಟೋ ಜಾಣರು ಇಲ್ಲಿ ಎಡವುತ್ತಾರೆ.

ಇಷ್ಟೆಲ್ಲ ಪದ ಯಾಕೆ ಬೇಕು ಎಂದು ಹೊಸದಾಗಿ ಕಲಿಯಲು ಬಂದ ಹುಡುಗಿಯರು ಕೇಳುತ್ತಾರೆ. 1895ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿ ಅನಾಟಮಿ ಪಂಡಿತರು ಕೂಡಿ ಒಂದೇ ಪಟ್ಟಿ ಒಪ್ಪಿಕೊಳ್ಳುವವರೆಗೆ ಮೈಯ ಒಂದೇ ಭಾಗಕ್ಕೆ ಹತ್ತಾರು ಹೆಸರು ಓಡಾಡುತ್ತಿದ್ದವು. ಆದರೆ ನಾನು ಅವರಿಗೆ ಹೇಳುವುದು ಬೆಟಗೇರಿಯ ಒಬ್ಬ ನೇಕಾರರ ಕಥೆ. ಈಗ ಗದಗಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಆ ನೇಕಾರರು ಅಲ್ಲಿಗೆ ಬಂದು, "ಕೈ ಮ್ಯಾಲ ಏಳವಲ್ದು ನೋಡ್ರಿ" ಎಂದರು. ಕೈ ಏಳುವುದಿಲ್ಲ ಅಂದರೆ ಯಾವ ಕಡೆಗೆ? ತಾವೇ ಎತ್ತಿದರೋ, ನಾನು ಎತ್ತಿದರೋ? ಮೊದಲು ಅವರೇ ಬದಿಯಿಂದ ಎತ್ತಲಿ ಎಂದೆ. ಮೈಯನ್ನೇ ಇನ್ನೊಂದು ಮಗ್ಗುಲಿಗೆ ವಾಲಿಸಿ ಎತ್ತಿದರು. ನೋಡಲು ಕೈ ಎದ್ದಂತೆ ಕಾಣುತ್ತದೆ, ಭುಜದ ಕೀಲು ಅಷ್ಟು ಆಡಿರುವುದಿಲ್ಲ. ನಾನು ಎತ್ತಿದಾಗಲೂ ಅಲ್ಲೇ ತಡೆಯಿತು. ಆಮೇಲೆ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ತೊಂಬತ್ತು ಡಿಗ್ರಿ ಮಡಚಿ, ಮುಂಗೈಯನ್ನು ಹೊರಕ್ಕೆ ತಿರುಗಿಸಿದೆ. ಬೀಸುಕಲ್ಲಿನದೇ ಚಲನೆ ಇದು. ರಟ್ಟೆ ನಡುವಿನ ಗೂಟ, ಮುಂಗೈ ಬೀಸುವ ಹಿಡಿ. ಒಳ್ಳೆಯ ಕೈ 80 ಡಿಗ್ರಿ ಹೋಯಿತು. ನೋವಿನ ಕೈ 15ಕ್ಕೇ ನಿಂತಿತು. ಭುಜದ ಕೀಲಿನ ಚೀಲ ಬಿಗಿದಾಗ ಎಲ್ಲಕ್ಕಿಂತ ಹೆಚ್ಚು ಕಳೆದುಹೋಗುವುದು ಈ ಎಕ್ಸ್‌ಟರ್ನಲ್ ರೊಟೇಷನ್ನೇ, ಆಮೇಲೆ ಅಬ್‌ಡಕ್ಷನ್. ಹೀಗೆ ಭುಜ ಬಿಗಿಯುವುದಕ್ಕೆ ಫ್ರೋಜನ್ ಶೋಲ್ಡರ್ ಎನ್ನುತ್ತಾರೆ, ಅದೇ ಇರಬೇಕು ಅನಿಸಿತು.

ಹುಬ್ಬಳ್ಳಿಯ ಮೂಳೆ ಡಾಕ್ಟರಿಗೆ ಫೋನ್ ಮಾಡಿದೆ. ಬಲ ಭುಜ, ಪ್ಯಾಸಿವ್ ಎಕ್ಸ್‌ಟರ್ನಲ್ ರೊಟೇಷನ್ 15, ಎಬಿ-ಡಕ್ಷನ್ 70 ಎಂದೆ. ಪ್ಯಾಸಿವ್ ಅಂದರೆ ಪೇಷಂಟ್ ತಾವೇ ಆಡಿಸದೆ ನಾನು ಆಡಿಸಿದ್ದು. ಅವರು ಮರುಪ್ರಶ್ನೆ ಕೇಳಿದ್ದು ಒಂದೇ, ಶುಗರ್ ಇದೆಯಾ ಎಂದು. ಇತ್ತು. ಶುಗರ್ ಇದ್ದವರಿಗೆ ಈ ತೊಂದರೆ ಜಾಸ್ತಿ. ಎಕ್ಸ್‌ರೇಗೆ ಮತ್ತು ತಪಾಸಣೆಗೆ ಯಾವತ್ತು ಕಳಿಸಬೇಕು ಅನ್ನೋದು ಅದೇ ಫೋನಿನಲ್ಲಿ ತೀರ್ಮಾನವಾಯಿತು.

ನೇಕಾರರಿಗೆ ಮಾತ್ರ ನಾನು ಆ ಪದ ಯಾವುದನ್ನೂ ಹೇಳಲಿಲ್ಲ. "ಮೊಣಕೈ ಪಕ್ಕೆಗೆ ಇರಲಿ, ಬಾಗಿಲು ತೆಗೆದ ಹಾಗೆ ಕೈ ಹೊರಗೆ ತೆಗೀರಿ, ದಿನಕ್ಕೆ ಮೂರು ಸಲ" ಎಂದೆ. ಅವರು ಅಲ್ಲೇ ನಿಂತು ಒಮ್ಮೆ ಮಾಡಿ ತೋರಿಸಿದರು. ಮೊಣಕೈ ಪಕ್ಕೆ ಬಿಟ್ಟು ಎದ್ದಿತು. ನಡುವೆ ಒಂದು ಟವೆಲ್ ಮಡಚಿ ಇಟ್ಟು, ಇದು ಬೀಳಬಾರದು ಎಂದೆ. ಎರಡನೇ ಸಲ ಬೀಳಲಿಲ್ಲ.